ಗಾಳಿಗೆ ತಕ್ಕ ಪದ

ಹೊಳಲ್ಕೆರೆ ಕಡೆಯ ಗುಡ್ಡವೊಂದರ ಮೇಲೆ, ಕರೆಂಟು ತಯಾರಿಸುವ ಗಾಳಿಯಂತ್ರಗಳ ಕೆಳಗೆ ನೆಡುವ ಎಚ್ಚರಿಕೆಯ ಬೋರ್ಡನ್ನು ಕನ್ನಡಕ್ಕೆ ತರುವ ಕೆಲಸ ನನ್ನದಾಗಿತ್ತು. ಇಂಗ್ಲಿಷಿನ ‘ಇಂಟೆನ್ಸಿಫೈ’ಗೆ ‘ತೀವ್ರಗೊಂಡಲ್ಲಿ’ ಎಂದು ಬರೆದುಕೊಂಡಿದ್ದೆ. ಜನಕ್ಕೆ ಅರ್ಥವಾಗುತ್ತದೋ ನೋಡೋಣವೆಂದು, ಅಲ್ಲೇ ಕುರಿ ಮೇಯಿಸುತ್ತಿದ್ದ ಗಂಡ ಹೆಂಡತಿಗೆ ಓದಿ ಹೇಳಿದೆ.

“ಗಾಳಿ ತೀವ್ರಗೊಂಡಲ್ಲಿ ದೂರ ಸರಿಯಿರಿ.”

“ತೀವ್ರ ಅಂದ್ರೆ ಆಸ್ಪತ್ರೆ ಮಾತು ಸಾರ್,” ಎಂದ ಗಂಡ. “ಗಾಳಿ ಜೋರಾಗ್ತೈತೆ.”

“ಟೀವಿ ಸೌಂಡೂ ಜೋರಾಗ್ತೈತೆ,” ಎಂದಳು ಹೆಂಡತಿ. “ಗಾಳಿ ಬಿರುಸಾಗಾದು. ಹಂಗೇ ಬರ್ಕಳ್ರಿ.”

“ಬಿರುಸು ನಿನ್ನ ಬಾಯಿ.”

“ಜೋರು ಬಾಯಿ ಯಾರ್ದು ಅಂತ ಈ ಕುರಿಗಳ್ನೇ ಕೇಳ್ರಿ ಸಾರ್.”

ನನಗೆ ನಗು ತಡೆಯಲಾಗಲಿಲ್ಲ. ಆದರೆ ಒಂದನ್ನು ಬರೆದರೆ ಇನ್ನೊಬ್ಬರು ಮುನಿಸಿಕೊಳ್ಳುತ್ತಾರೆ. ಅವಳು ಕುರಿ ತಿರುಗಿಸಲು ಅತ್ತ ಹೋದಾಗ ಗಂಡ ಹತ್ತಿರ ಬಂದು ದನಿ ತಗ್ಗಿಸಿದ.

“ಎರಡೂ ಬರೀರಿ ಸಾರ್. ರಾತ್ರಿ ಮುದ್ದೆ ಇಕ್ಕೋಳು ಅವ್ಳೇ.”

ಬೋರ್ಡಿನಲ್ಲಿ ಈಗ ‘ಗಾಳಿ ಜೋರಾದರೆ, ಬಿರುಸಾದರೆ ದೂರ ಸರಿಯಿರಿ’ ಎಂದಿದೆ. ಒಂದೇ ಅರ್ಥಕ್ಕೆ ಎರಡು ಪದ ಯಾಕೆ ಎಂದು ನಮ್ಮ ಮ್ಯಾನೇಜರು ಕೇಳಿದರು. ಒಂದು ಗಾಳಿಗೆ, ಇನ್ನೊಂದು ಒಬ್ಬರ ಸಂಸಾರಕ್ಕೆ ಎಂದೆ.