ಹತ್ತೊಂಬತ್ತು ಇಂಚಿನಲ್ಲಿ ದಪ್ಪಗಾದ ಮಗಳು

ಗೆಳತಿಯರೇ, ಮಧ್ಯಾಹ್ನ ಮೂರಕ್ಕೆ ಅಳತೆಯ ಟೇಪು ಫಟ್ಟೆಂದು ಡಬ್ಬಿಯೊಳಗೆ ಸೇರಿಕೊಂಡ ಸದ್ದಿಗೆ ಎಚ್ಚರವಾಯಿತು. ರಾತ್ರಿಯಿಡೀ ಅತ್ತ ಮಗು ಆಗಷ್ಟೇ ಮಲಗಿತ್ತು, ಜೊತೆಗೆ ನಾನೂ. ಹೊರಗಿನ ಕೋಣೆಯಲ್ಲಿ ನನ್ನವರು ಹೊಸ ಎಲ್‌ಸಿಡಿ ಮಾನಿಟರ್ ಅಳೆಯುತ್ತಿದ್ದರು.

"ಹತ್ತೊಂಬತ್ತು ಇಂಚು, ವೈಡ್ ಅದ ನೋಡ್ರಿ."

"ಅಗಲ ಅದರಿ, ಎತ್ತರ ಎಲ್ಲಿ ಅದ? ನಮ್ಮ ಹದಿನೇಳರ ಚೌಕ ಸ್ಕ್ರೀನೇ ಇದಕ್ಕಿಂತ ಎತ್ತರ ಅದ," ಎಂದರು ಎದುರು ಮನೆಯ ಕುಲಕರ್ಣಿ. ಟೇಪೂ ಅವರ ಪರವಾಗಿಯೇ ಹೇಳಿತು.

ಸೋಲಬಾರದೆಂದು ನನ್ನವರು ಮಗಳ ಫೋಟೋ ತೆರೆದರು. ಹಳೆಯ ಚೌಕ ಮಾನಿಟರಿನ ರೆಸಲ್ಯೂಷನ್ನನ್ನೇ ಉಳಿಸಿದ್ದರಿಂದ ಚಿತ್ರ ಅಡ್ಡಡ್ಡ ಹಿಗ್ಗಿ, ಕಡ್ಡಿಯಂಥ ನನ್ನ ಕೂಸು ಕುಂಬಳಕಾಯಿಯಾಗಿತ್ತು.

ಅತ್ತೆಯವರಿಗೆ ಸಂಭ್ರಮ. "ಎಷ್ಟ್ ಮೈ ತುಂಬಿಕೊಂಡದ ನೋಡ. ನಾಳೆ ಮುಂಜಾನೆ ಡಾಕ್ಟರ್ ಕಡೆ ಯಾಕ ಹೋಗ್ಬೇಕವಾ?"

ತೂಕ ಏರುತ್ತಿಲ್ಲ, ಕರೆತನ್ನಿ ಎಂದವರೇ ಆ ಡಾಕ್ಟರು. "ಮೊದಲು ರೆಸಲ್ಯೂಷನ್ ಸರಿ ಮಾಡ್ರಿ," ಎಂದೆ.

"ಅಕ್ಷರ ಸಣ್ಣ ಆಗ್ತಾವ, ಇರಲಿ ಬಿಡು. ನಾಳೆ ರಜಾ ಹಾಕೋದೂ ತಪ್ತು," ಎಂದರು ನನ್ನವರು.

ತೊಟ್ಟಿಲು ಪಕ್ಕದ ಕೋಣೆಯಲ್ಲೇ ಇತ್ತು. ಎದ್ದು ಹೋಗಿ ಬಗ್ಗಿ ನೋಡಿದವರು ಒಬ್ಬರೂ ಇಲ್ಲ.

ಈ ಮನೆಯಲ್ಲಿ ಮಕ್ಕಳಿಗೆ ಹಾಲು ಬೇಡ, ವೈಡ್ ಸ್ಕ್ರೀನ್ ಸಾಕು. ಆ ಸೆಟ್ಟಿಂಗ್ ಎಲ್ಲಿ ಬದಲಿಸಬೇಕೆಂದು ಗೊತ್ತಿದ್ದವರು ಬೆಳಗಾಗುವುದರೊಳಗೆ ದಯವಿಟ್ಟು ಫೋನ್ ಮಾಡಿ. ಎಷ್ಟು ಹೊತ್ತಾದರೂ ಎತ್ತುತ್ತೇನೆ, ಹೇಗೂ ನಿದ್ದೆಯಿಲ್ಲ. ಮಗಳು ಆ ಪರದೆಯ ಮೇಲೆ ತೆಳ್ಳಗಾಗುವವರೆಗೆ ಇವರು ಡಾಕ್ಟರ ಬಳಿ ಹೋಗಲು ಸ್ಕೂಟರ್ ಹೊರಗೆ ತೆಗೆಯುವುದಿಲ್ಲ.