ಬಂದದ್ದು ಯಾರು

ನಾನು ನಿಂತಿದ್ದುದು ಬಂಟ್ವಾಳದಲ್ಲಿ, ಅಕ್ಕನ ಮನೆಯ ಅಂಗಳದಲ್ಲಿ, ಚಪ್ಪರದ ಪಡುಬದಿಯ ಕಂಬದ ಹತ್ತಿರ. ಸ್ಪೀಕರು ನನ್ನ ಪಕ್ಕದಲ್ಲೇ ಇತ್ತು. ಕಳೆದ ವರ್ಷ, ಅಕ್ಕನ ಮಗಳ ಮದುವೆಯ ಮುನ್ನಾದಿನ, ಮದರಂಗಿಯ ಸಂಜೆ. ದೀಪ ಹಚ್ಚಿಯಾಗಿತ್ತು, ಊಟಕ್ಕೆ ಇನ್ನೂ ಎಲೆ ಹಾಕಿರಲಿಲ್ಲ.

ಅಕ್ಕ ತುಳುವಿನಲ್ಲಿ ಹಾಡು ಕಟ್ಟುವವಳು. ನೆಂಟರ ಮದುವೆಗಳಲ್ಲಿ ಅವಳದೊಂದು ಹಾಡು ಇದ್ದೇ ಇರುತ್ತಿತ್ತು. ಗಂಟಲಿನ ಆಪರೇಶನ್ ಆದ ಮೇಲೆ ಸ್ವರ ಒಡೆದು, ಹಾಡುವುದನ್ನು ಬಿಟ್ಟಳು. ಮಗಳ ಮದರಂಗಿಯಾದರೂ ತನ್ನ ಹಾಡಿಲ್ಲದೆ ಮುಗಿಯಬಾರದು ಎಂಬುದೊಂದೇ ಅವಳ ಆಸೆ. ಅವಳು ಬರೆದ ಪದಗಳನ್ನು ನಾನು ಮೊಬೈಲಿನಲ್ಲಿ, ಪದ ಕೊಟ್ಟರೆ ತಾನೇ ಹಾಡಿಕೊಡುವ ಎಐ ಆ್ಯಪಿಗೆ, ಕನ್ನಡ ಲಿಪಿಯಲ್ಲಿ ಟೈಪು ಮಾಡಿದೆ. ರಾಗ, ಸ್ವರ, ವಾದ್ಯ ಎಲ್ಲವನ್ನೂ ಯಂತ್ರವೇ ಮಾಡಿತು. ಒಳ್ಳೆಯ ಸ್ವರ, ನನಗೆ ನಿಜವಾಗಿ ಇಷ್ಟವಾಯಿತು. ಪದ ಗೊತ್ತಿದ್ದುದರಿಂದ ಗೊತ್ತಿದ್ದುದೇ ಕಿವಿಗೆ ಬಿತ್ತು. ಅಕ್ಕ, ಎಲ್ಲರ ಜೊತೆಗೇ ಕೇಳುತ್ತೇನೆ ಎಂದಿದ್ದಳು.

ಹಾಡಿನಲ್ಲಿ ಮಗಳು ತಾಯಿಗೆ ಹೇಳುತ್ತಾಳೆ: ನಿನ್ನ ಮಡಿಲಿಗೆ ನಾನು ಬಂದೆ. ಪ್ರತಿ ಚರಣದ ಕೊನೆಗೆ ‘ಬತ್ತೆ’ ಎಂದಷ್ಟೇ, ‘ನಾನು’ ಎಂಬ ಪದ ಬೇರೆ ಇಲ್ಲ. ತುಳುವಿನಲ್ಲಿ ‘ನಾನು ಬಂದೆ’ ಎಂಬುದನ್ನೂ ‘ಅವನು ಬಂದ’ ಎಂಬುದನ್ನೂ ನಾವು ಹೀಗೆಯೇ ಬರೆಯುತ್ತೇವೆ. ಕೊನೆಗೆ ಬಾಯಿ ಅಗಲ ತೆರೆದರೆ ನಾನು, ಕಿರಿದಾಗಿಸಿದರೆ ಅವನು. ಯಂತ್ರ ಕಿರಿದಾಗಿಸಿತು.

ಸ್ಪೀಕರಿನಲ್ಲಿ ಹಾಡು ಎರಡನೆಯ ಚರಣಕ್ಕೆ ಬಂದಾಗ ದೊಡ್ಡಮ್ಮ ಅಕ್ಕನನ್ನು ಕೇಳಿದರು, “ಯಾರು ಮಾರಾಯ್ತಿ ಅವ, ಆಗಿನಿಂದ ನಿನ್ನ ಮಡಿಲಿಗೆ ಬರುವವ?”

“ಅಳಿಯ ಇರ್ಬೇಕು. ನಾಳೆವರೆಗೆ ತಡಿಲಿಕ್ಕೆ ಆಗುದಿಲ್ವಂತೆ,” ಎಂದರು ಅತ್ತಿಗೆ.

ಹೆಂಗಸರೆಲ್ಲ ನಕ್ಕರು. ಅಕ್ಕನೂ ನಗಲು ನೋಡಿದಳು, ಆಗಲಿಲ್ಲ.

ನಾನು ಹಾಡು ನಿಲ್ಲಿಸಿ ಅಕ್ಷರ ಬದಲಿಸುತ್ತ ಹೋದೆ. ದೀರ್ಘ ಕೊಟ್ಟೆ, ಯಕಾರದ ಒತ್ತು ಕೊಟ್ಟೆ. ಪ್ರತಿ ಸಲವೂ ಅದು ಬೇರೆಯೇ ಏನೋ ಅಂದಿತು, ಅಷ್ಟೇ ಇಂಪಾಗಿ. ಬಾಯಿಯೇ ಇಲ್ಲದ್ದು ಇಷ್ಟು ಬಗೆಯಲ್ಲಿ ಬಾಯಿ ತೆರೆಯುವುದು ಹೇಗೆಂದು ನನಗೆ ಕುತೂಹಲವೇ ಹುಟ್ಟಿತು. ಮುಂದೆ ಅದು ಸರಿಯಾಗಿ ಕಲಿತೀತು, ಇಲ್ಲವೆನ್ನಲಾರೆ.

“ಅದನ್ನು ಆಚೆ ಇಡು,” ಎಂದಳು ಅಕ್ಕ. “ನನ್ನ ಮಗಳಿಗೆ ನಾನೇ ಹೇಳ್ತೇನೆ.”

ಮಗಳ ಎದುರು ಕುಳಿತು ಶುರುಮಾಡಿದಳು. ಸ್ವರಕ್ಕಿಂತ ಗಾಳಿಯೇ ಹೆಚ್ಚು. ಚರಣದ ಕೊನೆಗೆ ಬರುವಾಗ ಅದೂ ನಿಂತಿತು. ಬಾಯಿ ಮಾತ್ರ ಅಗಲವಾಗಿ ತೆರೆಯಿತು. ಏನೂ ಕೇಳಿಸಲಿಲ್ಲ. ಆದರೂ ಅದು ‘ನಾನು’ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. ಮಗಳು ತಾಯಿಯ ಬಾಯಿಯನ್ನೇ ನೋಡುತ್ತ ಆ ಶಬ್ದವನ್ನು ಹೇಳಿದಳು. ಮುಂದಿನ ಚರಣಕ್ಕೂ ಹೀಗೆಯೇ. ಅದನ್ನು ಹಾಡು ಎನ್ನಬಹುದೋ, ಹಾಡಿದವರು ಯಾರೋ, ನನಗೆ ಇನ್ನೂ ತಿಳಿದಿಲ್ಲ.

ದೊಡ್ಡಮ್ಮ ಈಚೆಗೆ ತೀರಿಕೊಂಡರು. ಅಂದು ಅದನ್ನು ನೋಡಿದವರಲ್ಲಿ ಅಕ್ಕ ಇದ್ದಾಳೆ. ಅವಳ ಮಗಳು ಬೆಳ್ತಂಗಡಿಯಲ್ಲಿ ಗಂಡನ ಮನೆಯಲ್ಲಿದ್ದಾಳೆ. ಅತ್ತಿಗೆ ಇದ್ದಾರೆ. ಮದರಂಗಿ ಹಚ್ಚುತ್ತಿದ್ದ ನೆರೆಮನೆಯ ಬ್ಯಾರಿ ಹುಡುಗಿಯೂ ಇದ್ದಾಳೆ. ಮನೆಯಲ್ಲಿ ಅವಳದು ತುಳುವಲ್ಲ, ಬ್ಯಾರಿ ಭಾಷೆ, ಆದರೆ ಕೊನೆಯ ಚರಣಕ್ಕೆ ಕೈ ನಿಲ್ಲಿಸಿ ಅವಳೂ ‘ಬತ್ತೆ’ ಎಂದಿದ್ದಳು, ಬಾಯಿ ಅಗಲಿಸಿ.