ಹದಿಮೂರು ಗೋಡೆಗಳ ಗೌಂಡಿ ಕಾಕಾ

ಶೈಲಾ, ಬಸು, ಮಂಜುಳಾ,

ಗೋಡೆ ಕಟ್ಟುತ್ತಿದ್ದ ಗೌಂಡಿ ಕಾಕಾರ ಬೆರಳ ತುದಿಗಳು ಹೊಳೆಯ ಕಲ್ಲಿನಂತೆ ನುಣ್ಣಗಿದ್ದವು. ಚಿಕ್ಕಂದಿನಿಂದ ಸುಣ್ಣ ಕಲಸಿ ಕಲಸಿ ಗೆರೆಗಳೆಲ್ಲ ಸವೆದುಹೋಗಿದ್ದವು. ಕಣ್ಣು ಮುಚ್ಚಿ ಗೋಡೆಯ ಮೇಲೆ ಆ ಕೈ ಆಡಿಸಿ, ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಹೇಳುತ್ತಿದ್ದರು. ನಿಮ್ಮ ಅವ್ವ ಬೆಳೆದ ಬೈಲಹೊಂಗಲದ ಮನೆಯನ್ನು ಕಟ್ಟಿದವರು ಯಾರೆಂದು ಮೊನ್ನೆ ನೀವು ಕೇಳಿದಿರಿ. ಎದುರಿಗೆ ಕುಳಿತು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡಾಗ ನನಗೆ ಇಪ್ಪತ್ತು ವರ್ಷ, ನಿಮ್ಮ ಅವ್ವನಿಗೆ ಎರಡು. ದೇಶಕ್ಕೆ ಸ್ವಾತಂತ್ರ್ಯ ಬಂದು ಮೂರ್ನಾಲ್ಕು ವರ್ಷವಾಗಿತ್ತು. ರಾಮದುರ್ಗದ ಕಡೆಯ ಸಾಲಹಳ್ಳಿಯಿಂದ ಕೂಸನ್ನೆತ್ತಿಕೊಂಡು ಬೈಲಹೊಂಗಲಕ್ಕೆ ಬಂದು, ಹತ್ತಿ ಬಿಡಿಸುವ ಜಿನ್ನಿನಲ್ಲಿ ಅರಳೆ ಆರಿಸುವ ಕೆಲಸ ಹಿಡಿದೆ. ಕೆಲಸ ಸಿಕ್ಕಿತು, ಮನೆ ಸಿಗಲಿಲ್ಲ. ಒಂಟಿ ಹೆಂಗಸಿಗೆ ಖೋಲಿ ಕೊಡುವವರು ಯಾರೂ ಇರಲಿಲ್ಲ. ಸಂತೆಯ ಬಯಲಿನಲ್ಲಿ ತಗಡಿನ ಚಪ್ಪರದ ಕೆಳಗೆ ಕಟ್ಟೆಗಳಿದ್ದವು. ಅವುಗಳ ಮೇಲೆ ಹಮಾಲರು, ಕೂಲಿಗಳು ಸೇರಿ ಹನ್ನೊಂದು ಕುಟುಂಬ ಇದ್ದವು; ಹನ್ನೆರಡನೆಯದು ನಮ್ಮದಾಯಿತು. ವಾರಕ್ಕೊಮ್ಮೆ ಸಂತೆಯ ದಿನ ಬೆಳಕು ಹರಿಯುವುದರೊಳಗೆ ಒಲೆಯ ಕಲ್ಲು, ಗಂಟು, ಕೂಸು ಎಲ್ಲ ಎತ್ತಿಕೊಂಡು ಜಾಗ ಬಿಡಬೇಕು. ಸಂಜೆ ಸಂತೆ ಕರಗಿದ ಮೇಲೆ ಬಾಡಿದ ಸೊಪ್ಪು, ಸಗಣಿ ಗುಡಿಸಿ ಮತ್ತೆ ಹಾಸಿಕೊಳ್ಳಬೇಕು.

ಕಾಕಾ ಊರ ಸಾವುಕಾರರ ದೊಡ್ಡ ದೊಡ್ಡ ವಾಡೆಗಳನ್ನು ಕಟ್ಟಿದವರು. ಒಂದು ಚಳಿಗಾಲ ಕಟ್ಟೆಯ ಬಿರುಕು ಮುಚ್ಚಲು ಬಂದಾಗ, ನಾವು ಗಂಟು ಕಟ್ಟುವುದನ್ನು ನೋಡುತ್ತ ನಿಂತರು.

"ವಾರಾ ವಾರಾ ಹಿಂಗ ಎಬ್ಬಸ್ತಾರೇನು?" ಎಂದಷ್ಟೇ ಕೇಳಿದರು.

ಆಮೇಲೆ ತಿಂಗಳುಗಟ್ಟಲೆ ಮುನ್ಸಿಪಾಲ್ಟಿಗೆ ಅಲೆದರು. ಕಡೆಗೆ, ಬಿಡಾಡಿ ದನ ಕೂಡುವ ಕೊಂಡವಾಡದ ಹಿಂದಿನ ಹಾಳು ಜಾಗ ಸಿಕ್ಕಿತು. ಷರತ್ತು ಒಂದೇ: ಜೂನಿನ ಮಿರಗದ ಮಳೆ ಕೂಡುವುದರೊಳಗೆ ಮೇಲೆ ಮಣ್ಣಿನ ಮಾಳಿಗೆ ಮುಚ್ಚಬೇಕು, ಇಲ್ಲವಾದರೆ ಜಾಗ ವಾಪಸು. ಜೊತೆಗೆ ಮನೆ ಪಡೆಯುವವರ ಹೆಸರಿನ ಯಾದಿ ಬರೆದು ಕೊಡಬೇಕು.

ನಮ್ಮಲ್ಲಿ ಅಕ್ಷರ ಬರುತ್ತಿದ್ದುದು ನನಗೊಬ್ಬಳಿಗೇ, ಅದೂ ಹಳ್ಳಿ ಸಾಲೆಯ ನಾಲ್ಕನೆಯ ಇಯತ್ತೆ. ಹಿಂದಿನ ದಿನವಷ್ಟೇ ಹಿರಿಯ ಹಮಾಲನೊಬ್ಬ ನನಗೆ ಕೇಳಿಸುವಂತೆ ಹೇಳಿದ್ದ: "ಒಬ್ಬಾಕಿ ಹೆಣ್ಮಗಳು, ಒಂದ ಕೂಸು. ಯಾರದರ ಪಡಸಾಲ್ಯಾಗ ಬಿದ್ದಕೊಂಡ್ರ ಆತು. ಆಕೀಗ್ಯಾಕ ಬ್ಯಾರೆ ಮನಿ?" ಆ ಮಾತು ಬರೆಯುವ ಕೈಯನ್ನು ತಡೆಯಿತು. ಹನ್ನೊಂದು ಹೆಸರು ಬರೆದೆ, ನನ್ನದನ್ನು ಬಿಟ್ಟೆ. ಓದಲು ಬಾರದ ಕಾಕಾ ಅದರ ಕೆಳಗೆ ಹೆಬ್ಬಟ್ಟೊತ್ತಿ ಒಯ್ದು ಕೊಟ್ಟರು.

ಅವರು ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದ್ದು ಇನ್ನೂ ಕಣ್ಣ ಮುಂದಿದೆ.

"ಬಿಡಿ ಬಿಡಿ ಕಟ್ಟಿದ್ರ ಅಡ್ಡಗ್ವಾಡಿ ಇಪ್ಪತ್ನಾಕ ಬೇಕು. ಒತ್ತಿ ಕಟ್ಟಿದ್ರ ಹದಿಮೂರ ಸಾಕು. ಒಬ್ಬರ ಗ್ವಾಡಿಗೆ ಇನ್ನೊಬ್ರು ಬೆನ್ನ ಹಚ್ಚಿ ಬಾಳೇವ ಮಾಡಬೇಕು. ಜಗಳ ಆಡೂದಿದ್ರ ಈಗ ಆಡಿ ಮುಗಸ್ರಿ."

ಯಾವ ಮನೆ ಯಾರದೆಂದು ಮಾಳಿಗೆ ಮುಚ್ಚುವವರೆಗೆ ಹೇಳುವುದಿಲ್ಲ ಎಂದರು. "ಗೊತ್ತಾತಂದ್ರ ತಮ್ಮ ಮನಿ ಮಣ್ಣ ಅಷ್ಟ ಚಂದ ತುಳೀತೀರಿ." ಹಾಗಾಗಿ ದಿನದ ಕೆಲಸದಿಂದ ಬಂದವರೇ ನಾವು ಹನ್ನೆರಡೂ ಮನೆಯ ಮಣ್ಣನ್ನು ಒಂದೇ ಸಮ ತುಳಿದೆವು, ಹಸಿ ಇಟ್ಟಂಗಿ ಹೊಡೆದೆವು. ಬಿದ್ದ ವಾಡೆಗಳ ಹಳೆಯ ತೊಲೆಗಳನ್ನು ಕಾಕಾ ಸಾವುಕಾರರಿಂದ ಕೇಳಿ ತಂದರು.

ಗೋಡೆಗಳು ಎದೆಯೆತ್ತರ ಬಂದಾಗ ಮುನ್ಸಿಪಾಲ್ಟಿಯ ಕಾರಕೂನರು ಯಾದಿ ಹಿಡಿದು ಅಳತೆಗೆ ಬಂದರು. ಯಾದಿಯ ಕೆಳಗಿನ ಗುರುತು ನೋಡಿ ನಕ್ಕರು.

"ಏನೋ ಗೌಂಡಿ, ಇದು ಹೆಬ್ಬಟ್ಟೋ, ಮಸಿ ಚೆಲ್ಲೇತೋ? ಗೆರಿನ ಇಲ್ಲಲ್ಲ."

"ಗೆರಿ ಎಲ್ಲಾ ಊರ ಗ್ವಾಡಿಗೆ ಅಂಟ್ಯಾವ್ರಿ. ಬೇಕಾದ್ರ ಅಲ್ಲಿ ನೋಡಕೊಳ್ರಿ."

ಆಮೇಲೆ ಅವರು ಖೋಲಿ ಎಣಿಸಿದರು. "ಯಾದ್ಯಾಗ ಹನ್ನೊಂದ ಹೆಸರು. ಹನ್ನೆರಡ್ಯಾಕ ಎಬ್ಬಿಸಿ? ಒಂದ ಕೆಡವು."

ಮೊಳಕಾಲವರೆಗೆ ಕೆಸರಾಗಿ ನಿಂತಿದ್ದ ನನ್ನ ಕಡೆ ಕಾಕಾ ತಿರುಗಿದರು. ಬೈಯಲಿಲ್ಲ. "ನಾಕನೇ ಇಯತ್ತೆ ಕಲ್ತಾಕಿ, ಹನ್ನೆರಡ ಎಣಸಾಕ ಬರೂದಿಲ್ಲೇನ ಮಗಳ?"

ಹಿರಿಯ ಹಮಾಲ ಹಿಂದಿನಿಂದ ಅಂದ: "ಗಂಡಸಿಲ್ಲದ ಮನೀಗೆ ಬಾಗಲಾ ಯಾಕಂತ ನಾ ಮದಲ ಅಂದಿದ್ನಿ."

"ಗಂಡಸಿಲ್ಲದ ಮನೀಗೇ ಮದಲ ಬಾಗಲಾ ಬೇಕೋ, ಮಬ್ಬ" ಎಂದರು ಕಾಕಾ, ಅವನತ್ತ ನೋಡದೆಯೇ.

ಕಾರಕೂನರು ಪೆನ್ಸಿಲ್ ತೆಗೆದರು. "ಸರಿ, ಯಾರ ಹೆಸರ ಬಿಟ್ಟೈತಿ ಹೇಳು, ಬರಕೋತೇನಿ."

"ನಾ ಹೇಳೂದಿಲ್ರಿ ಸಾಹೇಬ್ರ. ಬಿಟ್ಟಾಕಿನ ಹೇಳ್ತಾಳ."

ಇನ್ನೊಂದು ಗಳಿಗೆ ಹಾಗೇ ನಿಂತಿದ್ದರೆ ಮನೆ ಹೋಗುತ್ತಿತ್ತು. ಕೈಯನ್ನು ಸೆರಗಿಗೆ ಒರೆಸಿ ಮುಂದೆ ಚಾಚಿದೆ. ಕಾರಕೂನರು ಏನು ತಿಳಿದರೋ, ಪೆನ್ಸಿಲ್ಲನ್ನೇ ಕೊಟ್ಟರು. ಹನ್ನೊಂದು ಗಂಡಸರ ಹೆಸರಿನ ಕೆಳಗೆ ನನ್ನ ಹೆಸರು ಬರೆದೆ. ಕಾಗದಕ್ಕೆ ಕೆಸರು ಹತ್ತಿತು. ಕಾರಕೂನರು ಅದನ್ನು ಗಟ್ಟಿಯಾಗಿ ಓದಿ, ಹನ್ನೆರಡು ಎಂದು ಎಣಿಸಿ ಮಡಚಿಟ್ಟುಕೊಂಡರು. ಕಾಕಾ ಆಗಲೇ ಗೋಡೆಯ ಮೇಲೆ ಹತ್ತಿ, "ಮಣ್ಣ ಕೊಡ್ರಿ, ಹೊತ್ತ ಹೋಗಾಕತ್ತೇತಿ" ಎಂದು ಕೂಗುತ್ತಿದ್ದರು.

ಮಿರಗಕ್ಕೆ ನಾಲ್ಕು ದಿನ ಇರುವಾಗ ಮಾಳಿಗೆ ಮುಚ್ಚಿದೆವು. ಅಂದೇ ಕಾಕಾ ಯಾವ ಮನೆ ಯಾರದೆಂದು ಹೇಳಿದರು. ಮೊದಲ ಮಳೆ ಮಧ್ಯಾಹ್ನ ಬಂತು. ಎಲ್ಲಿ ಸೋರುತ್ತದೆ ನೋಡಲು ಕಾಕಾ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಸಾಲಿನುದ್ದ ಬಂದರು. ನನ್ನ ಬಾಗಿಲಲ್ಲಿ ತೋಯುತ್ತ ನಿಂತೇ ಇದ್ದರು.

"ಯಾಕ ನಿಂತ್ರಿ ಕಾಕಾ?"

"ಮನಿಯವರು ಕರೀಬೇಕಲ್ಲ ಮಗಳ."

"ಒಳಗ ಬರ್ರಿ. ಕುಂದರ್ರಿ" ಎಂದೆ. ಬೈಲಹೊಂಗಲಕ್ಕೆ ಬಂದ ಮೇಲೆ ಆ ಮಾತನ್ನು ನಾನು ಯಾರಿಗೂ ಆಡಿರಲಿಲ್ಲ. ಅವರು ಕುಳಿತು ಚಹಾ ಕುಡಿದರು. ಹೋಗುವಾಗ ಮೂಲೆಯಲ್ಲಿ ಒಂದು ಹನಿ ಬೀಳುವುದನ್ನು ಕಂಡು ಮಾಳಿಗೆ ಏರಿ ಮಣ್ಣು ತುಳಿದೇ ಇಳಿದರು.

ಐದಾರು ವರ್ಷದ ಮೇಲೆ, ಸವದತ್ತಿಯಲ್ಲಿ ಕೆಲಸದ ನಡುವೆ ನೆರಳಿಗೆ ಕುಳಿತ ಕಾಕಾ ಮೇಲೇಳಲಿಲ್ಲ. ಸುದ್ದಿ ಬಂದ ದಿನ ನಮ್ಮ ಸಾಲಿನ ಹನ್ನೆರಡು ಮನೆಗಳಲ್ಲಿ ಒಲೆ ಹೊತ್ತಲಿಲ್ಲ. ಮಣ್ಣು ಕೊಡಲು ಎಲ್ಲರೂ ಹೋಗಿದ್ದೆವು. ಹಿರಿಯ ಹಮಾಲ ದಾರಿಯುದ್ದಕ್ಕೂ ಅತ್ತ.

ಆ ಸಾಲು ಇನ್ನೂ ನೆಟ್ಟಗೆ ನಿಂತಿದೆ. ಕಂಡವರೆದುರು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅದರ ಮಣ್ಣಿನಲ್ಲಿ ನನ್ನ ಕಾಲೂ ಆಡಿದೆ ಎಂಬ ಹೆಮ್ಮೆ ನನಗೆ ಬಹಳ ಇದೆ. ಮನೆ ಯಾರದೆಂದು ಸರಕಾರದ ಉತಾರದ ಕಾಗದದಲ್ಲಿ ಸಿಗುತ್ತದೆ. ಅದು ಹೇಗೆ ಬಂತೆಂಬುದು ಈ ನಾಲ್ಕು ಹಾಳೆಗಳಲ್ಲಷ್ಟೇ ಇದೆ. ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ.